ಮೂರನೇ ಮಂಗಳವಾರದ ನೀರು

ಬೆಳಗಿನ ಆರು ಗಂಟೆ. ಅಮೆರಿಕದ ಬಾಸ್ಟನ್ ಪಕ್ಕದ ವಾಲ್ಥಮ್‌ನಲ್ಲಿ, ನಮ್ಮ ಮನೆಗೆ ಹತ್ತಿರದ ಸೇತುವೆಯ ಮೇಲೆ ನಿಂತು ಚಾರ್ಲ್ಸ್ ನದಿಗೆ ಹಗ್ಗ ಕಟ್ಟಿದ ಬಕೆಟ್ ಇಳಿಬಿಡುತ್ತೇನೆ. ಮೊದಲ ಸಲ ಎತ್ತಿದ ನೀರನ್ನು ಚೆಲ್ಲಬೇಕು, ಅದು ಬಕೆಟ್ ತೊಳೆಯಲು ಮಾತ್ರ. ಎರಡನೆಯ ಸಲದ ನೀರಿನಲ್ಲಿ ಉಷ್ಣಮಾಪಕ ಇಟ್ಟು, ಬಣ್ಣ, ವಾಸನೆ ನೋಡಿ ಹಾಳೆಯಲ್ಲಿ ಬರೆದು, ಪುಟ್ಟ ಸೀಸೆಗೆ ತುಂಬುತ್ತೇನೆ. ಮುಚ್ಚಳದ ಒಳಭಾಗಕ್ಕೆ ಬೆರಳು ತಾಗಬಾರದು. ತಾಗಿದರೆ ನನ್ನ ಕೈಯ ಕೊಳೆ ನದಿಯ ಲೆಕ್ಕಕ್ಕೆ ಸೇರುತ್ತದೆ. ಚಳಿಗಾಲದಲ್ಲಿ ಹಗ್ಗ ಗರಿಗಟ್ಟಿ ಅಂಗೈ ಕೊರೆಯುತ್ತದೆ.

ತಿಂಗಳ ಮೂರನೇ ಮಂಗಳವಾರ ಇದೇ ಹೊತ್ತಿಗೆ ನದಿಯುದ್ದಕ್ಕೂ ನನ್ನಂಥವರು ಹೀಗೆ ನೀರು ತುಂಬುತ್ತಿರುತ್ತಾರೆ. ನಿವೃತ್ತ ಶಿಕ್ಷಕಿ, ಕಾಲೇಜು ಹುಡುಗರು, ಬಡಗಿ. ಯಾರಿಗೂ ಸಂಬಳವಿಲ್ಲ. 1995ರಿಂದ ಈ ಕೆಲಸ ನಡೆದುಬಂದಿದೆ.

ಧಾರವಾಡದಲ್ಲಿ ಹುಟ್ಟಿದವಳಿಗೆ ಇದರಲ್ಲಿ ಏನು ಅಷ್ಟು ಆಸೆ ಎಂದು ಅಮ್ಮ ಕೇಳುತ್ತಾಳೆ. ಧಾರವಾಡದಲ್ಲಿ ಹುಟ್ಟಿದ್ದಕ್ಕೇ ಈ ಆಸೆ. ನಮ್ಮ ಊರು ಕುಳಿತಿರುವುದು ನೀರು ಇಬ್ಭಾಗವಾಗುವ ದಿಣ್ಣೆಯ ಮೇಲೆ. ಊರಿನ ಸೋಮೇಶ್ವರ ಗುಡಿಯ ಕಡೆ ಬಿದ್ದ ಮಳೆ ಶಾಲ್ಮಲೆಯಾಗಿ ಹೊರಟು, ಹುಬ್ಬಳ್ಳಿಯ ಉಣಕಲ್ ಕಡೆಯ ನೀರನ್ನು ಕಲಘಟಗಿಯ ಹತ್ತಿರ ಕೂಡಿಕೊಂಡು ಬೇಡ್ತಿಯಾಗುತ್ತದೆ. ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯೆಂಬ ಹೆಸರಿನಲ್ಲಿ ಅಂಕೋಲೆಯ ಕಡಲು ಸೇರುತ್ತದೆ. ದಿಣ್ಣೆಯ ಆಚೆ ಬಿದ್ದದ್ದು ತುಪ್ಪರಿಹಳ್ಳ, ಬೆಣ್ಣೆಹಳ್ಳ ಹಿಡಿದು ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ, ಬಂಗಾಳ ಕೊಲ್ಲಿಗೆ. ಒಂದೇ ಮೋಡದ ನೀರು ಎರಡು ಸಮುದ್ರ ಕಾಣುವ ಊರು ನಮ್ಮದು. ಒಂದು ನದಿಗೆ ನೀರು ಹರಿಸುವ ನೆಲವೆಲ್ಲ ಅದರ ಜಲಾನಯನ ಎಂಬುದು ಶಾಲೆಯಲ್ಲಿ ಬಾಯಿಪಾಠವಾಗಿತ್ತು. ಅದು ನಮ್ಮ ಅಂಗಳದಿಂದಲೇ ಶುರುವಾಗುತ್ತದೆ ಎಂದು ತಿಳಿಯಲು ನಾನು ಇಷ್ಟು ದೂರ ಬರಬೇಕಾಯಿತು.

ಚಾರ್ಲ್ಸ್ ದೊಡ್ಡ ನದಿಯೇನಲ್ಲ, ಉದ್ದ ಸುಮಾರು 130 ಕಿಲೋಮೀಟರ್. ಆದರೆ ಅದರ ಜಲಾನಯನದಲ್ಲಿ 35 ಊರುಗಳಿವೆ, ಒಂದೊಂದಕ್ಕೂ ಬೇರೆ ಬೇರೆ ಆಡಳಿತ. ಬಟ್ಟೆ ಗಿರಣಿಗಳ ಬಣ್ಣ, ಕಾರ್ಖಾನೆಗಳ ಕೊಳೆ, ಮನೆಗಳ ಮಲಮೂತ್ರ ಎಲ್ಲವೂ ಒಂದು ಕಾಲಕ್ಕೆ ಅದರ ಪಾಲಾಗಿದ್ದವು. ಈಜುವುದು ನಿಂತೇ ಹೋಗಿತ್ತು. 1965ರಲ್ಲಿ ನಾಗರಿಕರು ಸೇರಿ ಜಲಾನಯನದ ಹೆಸರಿನಲ್ಲೇ ಸಂಘ ಕಟ್ಟಿದರು. ನಾವು ಮಂಗಳವಾರ ನೀರು ತುಂಬುವುದು ಈ ಸಂಘಕ್ಕಾಗಿಯೇ. ಮೂವತ್ತು ವರ್ಷಗಳ ನಂತರವೂ, 1995ರಲ್ಲಿ, ಕೇಂದ್ರ ಪರಿಸರ ಸಂಸ್ಥೆ ನದಿಗೆ ಕೊಟ್ಟ ದರ್ಜೆ ‘ಡಿ’.

ಮುಂದೆ ನಡೆದ ಕೆಲಸದಲ್ಲಿ ನನಗೆ ಬಹಳ ಹಿಡಿಸಿದ್ದು ಪೈಪುಗಳ ಹುಡುಕಾಟ. ಮಳೆನೀರಿನ ಚರಂಡಿ ಇಲ್ಲಿ ಬಹುಪಾಲು ನೇರವಾಗಿ ನದಿಗೇ ಹೋಗುತ್ತದೆ. ಮಳೆಯಿಲ್ಲದ ದಿನವೂ ಅದರ ಬಾಯಿಂದ ನೀರು ಒಸರುತ್ತಿದ್ದರೆ ಎಲ್ಲೋ ಯಾರದೋ ಶೌಚದ ಕೊಳವೆ ತಪ್ಪಾಗಿ ಜೋಡಣೆಯಾಗಿದೆ ಎಂಬ ಅನುಮಾನ. ಆಗ ಚರಂಡಿಯ ಜಾಡು ಹಿಡಿದು, ಒಂದೊಂದೇ ಮುಚ್ಚಳ ತೆರೆದು, ನೀರು ಪರೀಕ್ಷಿಸುತ್ತ ಮೇಲಕ್ಕೆ ಹೋಗುತ್ತಾರೆ. ಕೊಳೆ ಇರುವ ಮುಚ್ಚಳಕ್ಕೂ ಇಲ್ಲದ ಮುಚ್ಚಳಕ್ಕೂ ನಡುವೆ ಅಪರಾಧಿ ಕೊಳವೆ ಸಿಕ್ಕಿಬೀಳುತ್ತದೆ. ಆ ಮನೆಯವರಿಗೆ ಹಲವು ಸಲ ಅದು ಗೊತ್ತೇ ಇರುವುದಿಲ್ಲ. ಯಾರನ್ನೂ ಬೈಯಬೇಕಾಗಿಲ್ಲ, ಸಂಖ್ಯೆ ತೋರಿಸಿದರೆ ಸಾಕು. ಹೀಗೆ ಒಂದೊಂದೇ ಜೋಡಣೆ ಸರಿಹೋಗಿ, 2013ರಲ್ಲಿ ಐವತ್ತು ವರ್ಷಗಳಿಗೂ ಮೀರಿದ ಬಿಡುವಿನ ನಂತರ ಜನ ಅಧಿಕೃತವಾಗಿ ನದಿಗೆ ಇಳಿದು ಈಜಿದರು.

ಎಲ್ಲವೂ ಮುಗಿದಿಲ್ಲ. ಜೋರು ಮಳೆಯಾದ ಮೇಲೆ ದೋಣಿಮನೆಗಳಲ್ಲಿ ಇಂದಿಗೂ ಕೆಂಪು ಬಾವುಟ ಏರುತ್ತದೆ. ಹುಲ್ಲುಹಾಸಿಗೆ ಹಾಕಿದ ಗೊಬ್ಬರದ ರಂಜಕ ಹರಿದುಬಂದು ಬೇಸಿಗೆಯಲ್ಲಿ ಪಾಚಿ ಕಟ್ಟುತ್ತದೆ.

ಇನ್ನೊಂದು ಸಂಗತಿ ಹೇಳಲೇಬೇಕು. ಪ್ರವಾಹ ತಡೆಯಲು ಏನು ಮಾಡಬೇಕೆಂದು 1970ರ ದಶಕದಲ್ಲಿ ಸೇನೆಯ ಎಂಜಿನಿಯರುಗಳು ಲೆಕ್ಕ ಹಾಕಿದರು. ಮೇಲ್ಭಾಗದ ಜೌಗುನೆಲವೇ ನೆರೆಯನ್ನು ಹೀರಿ ನಿಧಾನವಾಗಿ ಬಿಡುತ್ತಿದೆ ಎಂದು ಕಂಡುಬಂತು. ಅಣೆಕಟ್ಟೆಯ ಬದಲು ಸುಮಾರು 8,000 ಎಕರೆ ಜೌಗನ್ನು ಕಾದಿರಿಸಿ ಹಾಗೆಯೇ ಬಿಟ್ಟರು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬಡಾವಣೆಗಳ ಕೆಳಗೆ ಹುಗಿದುಹೋದ ನಮ್ಮ ಕೆರೆಗಳು ಕಣ್ಣ ಮುಂದೆ ಬಂದವು.

ಕಳೆದ ರಜೆಯಲ್ಲಿ ಸೋಮೇಶ್ವರಕ್ಕೆ ಹೋಗಿದ್ದೆ. ಮರುದಿನ ಹುಬ್ಬಳ್ಳಿಯಲ್ಲಿ ಉಣಕಲ್ ನಾಲೆಯ ಪಕ್ಕ ಮೂಗು ಮುಚ್ಚಿಕೊಂಡು ನಿಂತೆ. ಅವಳಿ ನಗರ ಹೆಚ್ಚಾಗಿ ಕುಡಿಯುವುದು ಸವದತ್ತಿಯಿಂದ ಬರುವ ಮಲಪ್ರಭೆಯನ್ನು. ಹುಬ್ಬಳ್ಳಿಯ ಕೊಳಚೆ ಆ ನಾಲೆ ಹಿಡಿದು ಇಳಿಯುವುದು ಬೇಡ್ತಿಯ ಕಡೆಗೆ. ಪೂರ್ವದ ನದಿಯಿಂದ ತಂದು ಪಶ್ಚಿಮದ ನದಿಗೆ ಹೊಲಸು ಕೊಡುತ್ತಿದ್ದೇವೆ.

ಇದೇ ಬೇಡ್ತಿಯ ಕೆಳಗಿನವರು ಏನು ಮಾಡಿದ್ದರು ನೆನಪಿದೆಯೇ? 1980ರ ದಶಕದ ಆರಂಭದಲ್ಲಿ ಜಲವಿದ್ಯುತ್ ಯೋಜನೆ ಬಂದಾಗ ಶಿರಸಿ, ಯಲ್ಲಾಪುರದ ಕಡೆಯ ಅಡಿಕೆ ಬೆಳೆಗಾರರು ವಿಜ್ಞಾನಿಗಳನ್ನು ಕರೆಸಿ, ಕೂಡಿ ಕುಳಿತು ಲಾಭನಷ್ಟದ ಲೆಕ್ಕ ತೆಗೆಸಿದರು. ಯೋಜನೆ ನಿಂತಿತು. ಸೀಸೆ ಹಿಡಿಯುವ ಪದ್ಧತಿಯನ್ನು ಅಮೆರಿಕದಿಂದ ಕಲಿಯಬಹುದು. ಕೂಡಿ ಕುಳಿತುಕೊಳ್ಳುವುದನ್ನು ಕಲಿಯಲು ಶಿರಸಿಗೆ ಹೋದರೆ ಸಾಕು. ನೀರು ಪರೀಕ್ಷಿಸುವ ಜ್ಞಾನಕ್ಕೂ ಧಾರವಾಡದಲ್ಲಿ ಕೊರತೆಯಿಲ್ಲ: ಕೃಷಿ ವಿಶ್ವವಿದ್ಯಾಲಯವಿದೆ, ಕರ್ನಾಟಕ ವಿಶ್ವವಿದ್ಯಾಲಯವಿದೆ, ನೀರು ಮತ್ತು ನೆಲದ ನಿರ್ವಹಣೆಗೆಂದೇ ಇರುವ ವಾಲ್ಮಿ ಇದೆ. ಇಲ್ಲದಿರುವುದು ಸೋಮೇಶ್ವರದ ಭಕ್ತರು, ಉಣಕಲ್ಲಿನ ನಿವಾಸಿಗಳು, ಕಲಘಟಗಿಯ ರೈತರು, ಗಂಗಾವಳಿಯ ಮೀನುಗಾರರು ಒಂದೇ ಹಾಳೆಯ ಸಂಖ್ಯೆಗಳನ್ನು ನೋಡುವ ಒಂದು ದಿನ.

ಆಗಸ್ಟ್ ತಿಂಗಳಿಗೆ ಊರಿಗೆ ಬರುತ್ತಿದ್ದೇನೆ. ಮೂರನೇ ಮಂಗಳವಾರ, ಬೆಳಗಿನ ಆರಕ್ಕೆ, ಸೋಮೇಶ್ವರ ಗುಡಿಯ ಹತ್ತಿರ ಇರುತ್ತೇನೆ. ಹಗ್ಗವೂ ಬಕೆಟ್ಟೂ ಅಮ್ಮನ ಮನೆಯಲ್ಲಿವೆ. ಸೀಸೆಗಳನ್ನು ನಾನು ತರುತ್ತೇನೆ. ಉಣಕಲ್ಲಿನಲ್ಲಿ ಅದೇ ಹೊತ್ತಿಗೆ ನೀರು ತುಂಬಲು ಒಬ್ಬರು ಬೇಕು, ಕಲಘಟಗಿಯಲ್ಲಿ ಇನ್ನೊಬ್ಬರು.