ಹಸಿರು ದೀಪವನ್ನು ನಂಬದೆ ವಿಒಆರ್ ಆಫ್ ಮಾಡಿದ ಸಂಜೆ

ಉತ್ತರದ ಗಡಿಯ ಹತ್ತಿರ ಒಂದು ವಿಮಾನ ನಿಲ್ದಾಣಕ್ಕೆ ನನ್ನನ್ನು ವರ್ಗ ಮಾಡಿದ್ದಾಗ ನಡೆದದ್ದು. ನೆನೆದರೆ ಈಗಲೂ ಮೈ ಉರಿಯುತ್ತದೆ, ಅರ್ಧ ನನ್ನ ಮೇಲೆ, ಅರ್ಧ ದೋಷ ದಾಖಲಿಸುವ ಆ ಫಾರ್ಮಿನ ಮೇಲೆ. ನನ್ನ ಕೆಲಸ ವಿಒಆರ್ ನೋಡಿಕೊಳ್ಳುವುದು: ವಿಮಾನಕ್ಕೆ ದಿಕ್ಕು ತಿಳಿಸುವ, ನೆಲದ ಮೇಲಿನ ರೇಡಿಯೋ ಉಪಕರಣ ಅದು.

ಸಂಜೆ ಪಾಳಿಯಲ್ಲಿ ಟವರ್‌ನಿಂದ ಹಾಟ್‌ಲೈನ್ ಬಂತು. "ನಿಮ್ಮ ವಿಒಆರ್ ಸರಿಯಿಲ್ಲವಂತೆ. ವಿಒಆರ್ ಮುಳ್ಳು ಒಂದು ಕಡೆ ತೋರಿಸಿದರೆ ವಿಮಾನದ ಜಿಪಿಎಸ್ ನಕ್ಷೆ ಇನ್ನೊಂದು ಕಡೆ ತೋರಿಸುತ್ತಿದೆಯಂತೆ."

ಮಾನಿಟರ್ ನೋಡಿದೆ. ಬೇರಿಂಗ್ ದೋಷ, ಅಂದರೆ ದಿಕ್ಕಿನ ತಪ್ಪು, ಅರ್ಧ ಡಿಗ್ರಿಯೂ ಇಲ್ಲ. ಒಂದು ಡಿಗ್ರಿ ದಾಟಿದರೆ ಉಪಕರಣ ತಾನಾಗಿಯೇ ಎರಡನೇ ಟ್ರಾನ್ಸ್‌ಮಿಟರ್‌ಗೆ ಹೊರಳುತ್ತದೆ; ಅದೂ ಕೈಕೊಟ್ಟರೆ ಪ್ರಸಾರವನ್ನೇ ನಿಲ್ಲಿಸುತ್ತದೆ. ಅಂಥದ್ದರ ಹಸಿರು ದೀಪ ಕಣ್ಣೆದುರೇ ಉರಿಯುತ್ತಿತ್ತು. ಆದರೂ ನನಗೆ ಅನುಮಾನ ಬಂದದ್ದು ಅದರ ಮೇಲೆಯೇ. ಉಪಗ್ರಹವೆಲ್ಲಿ, ಹುಲ್ಲಿನ ಮಧ್ಯೆ ನಿಂತ ಈ ಹಳೆಯ ಪೆಟ್ಟಿಗೆಯೆಲ್ಲಿ! ಮಾನಿಟರ್ ಆಂಟೆನಾ ಇರುವುದು ಒಂದೇ ದಿಕ್ಕಿನಲ್ಲಿ, ಬೇರೆ ದಿಕ್ಕಿನಲ್ಲಿ ಏನಾಗಿದೆಯೋ ಎಂದುಕೊಂಡೆ. ವೃತ್ತದಲ್ಲಿರುವ 48 ಆಂಟೆನಾಗಳಲ್ಲಿ ಯಾವುದಕ್ಕೋ ನೀರು ಇಳಿದಿರಬಹುದು. ಹುಲ್ಲು ಕೊಯ್ಯಲು ಬಂದವರು ಕೇಬಲ್ ಎಳೆದಿರಬಹುದು. ಎರಡನೇ ಟ್ರಾನ್ಸ್‌ಮಿಟರ್‌ಗೆ ಚೇಂಜ್‌ಓವರ್ ಮಾಡಿದೆ, ದೂರು ಹಾಗೆಯೇ ಉಳಿಯಿತು. ಎರಡಕ್ಕೂ ಆಂಟೆನಾ ಒಂದೇ ತಾನೆ ಎಂದು ಅದಕ್ಕೂ ಸಮಜಾಯಿಷಿ ಹುಡುಕಿಕೊಂಡೆ. ಟವರ್‌ನ ಒಪ್ಪಿಗೆ ಪಡೆದು ಪರೀಕ್ಷೆಗೆಂದು ವಿಒಆರ್ ಆಫ್ ಮಾಡಿದೆ.

ಲಾಗ್‌ಬುಕ್ಕಿನಲ್ಲಿ ಸಮಯ ಬರೆದು ಮುಗಿಸುವ ಮೊದಲೇ ಮತ್ತೆ ಹಾಟ್‌ಲೈನ್. ಹಿಂದೆ ಬರುತ್ತಿದ್ದ ಎಟಿಆರ್ ವಿಮಾನದವರಿಗೆ ಎರಡೂ ಜಿಪಿಎಸ್ ಹೋಗಿವೆ, ವಿಒಆರ್ ಬೇಕಂತೆ.

ಗುಂಡಿ ಒತ್ತಿದ ಕೂಡಲೇ ವಿಒಆರ್ ಸೇವೆಗೆ ಸಿಗುವುದಿಲ್ಲ. ಮಾನಿಟರ್ ಎಲ್ಲವನ್ನೂ ಅಳೆದು ಒಪ್ಪಬೇಕು. ಹೆಡ್‌ಫೋನ್ ಕಿವಿಗೊತ್ತಿಕೊಂಡು ಮೂರಕ್ಷರದ ಮೋರ್ಸ್ ಗುರುತಿಗಾಗಿ ಕಾದೆ. ಬರೀ ಗುಂಯ್‌ಗುಡುವ ಸದ್ದು. ಹಾಟ್‌ಲೈನಿನಲ್ಲಿ "ಬಂತೇ? ಬಂತೇ?" ಎಂಬ ಒಂದೇ ಪ್ರಶ್ನೆ. ಕಂಟ್ರೋಲರ್ ಅಷ್ಟರಲ್ಲಿ ರಾಡಾರ್ ನೋಡಿ ದಿಕ್ಕು ಹೇಳಲು ಶುರುಮಾಡಿದ್ದರು. ಮಂಜು ಇರಲಿಲ್ಲ, ಬಚಾವಾದೆವು. ಗುರುತು ಕೇಳಿಸುವ ಹೊತ್ತಿಗೆ ಎಟಿಆರ್‌ನವರ ಕಣ್ಣಿಗೆ ರನ್‌ವೇ ಬಿದ್ದಿತ್ತು.

ಮೊದಲ ವಿಮಾನದ ಮುಳ್ಳು ಸರಿಯಾಗಿಯೇ ಇತ್ತು, ನಕ್ಷೆಯೇ ಜಾರಿತ್ತು. ಸುಮಾರು 20,000 ಕಿಲೋಮೀಟರ್ ಮೇಲಿನಿಂದ ಬರುವ ಜಿಪಿಎಸ್ ಸಂಕೇತ ಎಷ್ಟು ಕ್ಷೀಣವೆಂದರೆ, ನೆಲದ ಮೇಲಿನ ಸಣ್ಣ ಟ್ರಾನ್ಸ್‌ಮಿಟರ್ ಕೂಡ ಅದನ್ನು ಮುಳುಗಿಸಬಲ್ಲದು. ಬೇಕೆಂದರೆ ಸುಳ್ಳು ಸ್ಥಾನವನ್ನೂ ಹೇಳಬಲ್ಲದು. ಜಿಪಿಎಸ್ ದೋಷ ತಿದ್ದುವ ನಮ್ಮ ದೇಶದ ವ್ಯವಸ್ಥೆ 'ಗಗನ್ ಇದೆಯಲ್ಲ' ಎನ್ನುತ್ತಾರೆ. ಕುಂದಲಹಳ್ಳಿಯ ಕೇಂದ್ರದಲ್ಲಿ ಲೆಕ್ಕ ಹಾಕಿದ ತಿದ್ದುಪಡಿಯನ್ನು ಗಗನ್ ಭೂಸ್ಥಿರ ಉಪಗ್ರಹದ ಮೂಲಕ ಕಳಿಸುವುದೂ ಜಿಪಿಎಸ್ ಬಳಸುವ ಅದೇ 1575.42 ಮೆಗಾಹರ್ಟ್ಸ್‌ನಲ್ಲಿ. ಅದು ಸರಿಪಡಿಸುವುದು ಅಯಾನುಗೋಳ ಮತ್ತು ಉಪಗ್ರಹ ಗಡಿಯಾರಗಳ ದೋಷವನ್ನು, ಕಿಡಿಗೇಡಿಗಳ ಕೆಲಸವನ್ನಲ್ಲ.

ನಾನು ಹಳೆಯದಕ್ಕೆ ಜೋತುಬಿದ್ದವನಲ್ಲ. ವಿಒಆರ್‌ಗಿಂತ ಹಳೆಯ ರೇಡಿಯೋ ದಾರಿದೀಪ ಎನ್‌ಡಿಬಿಯನ್ನು ನಂಬಿದರೆ ಮುಳ್ಳು ಗುಡುಗಿನ ಮೋಡದ ಕಡೆಗೆ ತಿರುಗುತ್ತಿತ್ತು. ಅದು ಹೋದದ್ದೇ ಒಳ್ಳೆಯದಾಯಿತು. 2022ರಲ್ಲಿ ಕಿಶನ್‌ಗಢದಲ್ಲಿ ಗಗನ್ ನೆರವಿನಿಂದ ಎಟಿಆರ್ ಇಳಿದಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಆದರೆ 2023ರ ನವೆಂಬರ್‌ನಿಂದ 2025ರ ಫೆಬ್ರುವರಿವರೆಗೆ ಗಡಿ ಭಾಗದಲ್ಲಿ, ಮುಖ್ಯವಾಗಿ ಅಮೃತಸರ ಮತ್ತು ಜಮ್ಮು ಸುತ್ತ, ಜಿಪಿಎಸ್‌ಗೆ ಅಡ್ಡಿಯಾದ 465 ಪ್ರಕರಣಗಳೆಂದು ಸರ್ಕಾರವೇ ಸಂಸತ್ತಿನಲ್ಲಿ ಹೇಳಿದೆ. ಎಸ್ಟೋನಿಯಾದ ಟಾರ್ಟುವಿನಲ್ಲಿ ಇಳಿಯುವುದಕ್ಕೆ ಜಿಪಿಎಸ್ ಒಂದನ್ನೇ ನೆಚ್ಚಿಕೊಂಡಿದ್ದರು. 2024ರಲ್ಲಿ ಫಿನ್ಏರ್ ಅಲ್ಲಿಗೆ ಒಂದು ತಿಂಗಳು ಹಾರಾಟವನ್ನೇ ನಿಲ್ಲಿಸಬೇಕಾಯಿತು. ಆಮೇಲೆ ಕೈಹಿಡಿದದ್ದು ವಿಮಾನಕ್ಕೆ ದೂರ ತಿಳಿಸುವ, ನೆಲದ ಮೇಲಿನ ಡಿಎಂಇ.

ಈಗ ಇಂಥ ದೂರು ಬಂದರೆ ನಾನು ಸ್ವಿಚ್ಚಿಗೆ ಕೈ ಹಾಕುವುದಿಲ್ಲ. ಇನ್ನೊಂದು ವಿಮಾನವೂ ಹೀಗೇ ಹೇಳುತ್ತಿದೆಯೇ, ಅವರ ಜಿಪಿಎಸ್ ಹೇಗಿದೆ ಎಂದು ಮೊದಲು ಕೇಳುತ್ತೇನೆ.

ಇನ್ನು ಆ ಫಾರ್ಮು. ದೋಷದ ಕಾರಣ ಬರೆಯುವಲ್ಲಿ ವಿಒಆರ್, ಡಿಎಂಇ, ಇಳಿಯಲು ನೆರವಾಗುವ ಐಎಲ್‌ಎಸ್ ಎಂದು ನಮ್ಮ ಉಪಕರಣಗಳಷ್ಟೇ ಇವೆ, ಉಪಗ್ರಹಕ್ಕೆ ಕಾಲಮ್ಮೇ ಇಲ್ಲ. ಹಾಗಾಗಿ ಆ ಸಂಜೆಯ ಘಟನೆ ದಾಖಲಾದದ್ದು 'ವಿಒಆರ್ ಸೇವೆಯಲ್ಲಿರಲಿಲ್ಲ' ಎಂದು. ಮುಂದೆ ಬಿಡಿ ಮಾಡ್ಯೂಲ್ ಕೇಳಿ ಬರೆದಾಗ ಅದನ್ನೇ ಉಲ್ಲೇಖಿಸಿ ಉತ್ತರ ಬಂತು: ಪದೇ ಪದೇ ಕೆಡುವ, ಹೇಗೂ ತೆಗೆಯಲಿರುವ ಉಪಕರಣಕ್ಕೆ ಖರ್ಚು ಬೇಡ.