ಇಳಿಜಾರಿನಲ್ಲಿ ಉಗುರು ಯಾಕೆ ಕಪ್ಪಾಗುತ್ತೆ: ಟ್ರೇಲ್ ಶೂ ಮತ್ತು ನಮ್ಮ ಪಾದ

ಕುಮಾರ ಪರ್ವತದ ತುದಿ 1,712 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಕುಕ್ಕೆ ಕಡೆಗೆ ಬರಬೇಕೆಂದರೆ 1,500 ಮೀಟರಿಗೂ ಹೆಚ್ಚು ಇಳಿಯಬೇಕು. ಟ್ರೇಲ್ ಶೂ (ಬೆಟ್ಟ-ಕಾಡಿನ ದಾರಿಯಲ್ಲಿ ಓಡಲು ಹಾಕುವ ಶೂ) ತೊಟ್ಟು ಕೆಳಗೆ ಓಡಿ ಬಂದು ಸಾಕ್ಸ್ ಬಿಚ್ಚಿದಾಗ ಹೆಬ್ಬೆರಳಿನ ಉಗುರು ನೇರಳೆಗೆ ತಿರುಗಿದ್ದರೆ ಹೆಚ್ಚಿನವರ ತೀರ್ಮಾನ ಒಂದೇ: ಶೂ ಚಿಕ್ಕದಾಯ್ತು, ಮುಂದಿನ ಸಲ ಒಂದು ಸೈಜ್ ದೊಡ್ಡದು ತಗೋಬೇಕು. ದೊಡ್ಡದು ತಗೊಂಡ ಮೇಲೂ ಉಗುರು ಕಪ್ಪಾಗುತ್ತೆ, ಕೆಲವರಿಗೆ ಮೊದಲಿಗಿಂತ ಜಾಸ್ತಿ. ಬಹಳ ಸಲ ತಪ್ಪಿರುವುದು ಬೆರಳಿನ ಹತ್ತಿರ ಅಲ್ಲ, ಹಿಮ್ಮಡಿಯಲ್ಲಿ ಮತ್ತು ಪಾದದ ನಡುಭಾಗದಲ್ಲಿ. ಅಲ್ಲಿ ಹಿಡಿತ ಇಲ್ಲದಿದ್ದರೆ ಪಾದ ಪ್ರತಿ ಹೆಜ್ಜೆಗೂ ಮುಂದಕ್ಕೆ ಜಾರಿ ಶೂ ಮೂತಿಗೆ ಗುದ್ದುತ್ತೆ. ಶೂ ಉದ್ದವಾದಷ್ಟೂ ಜಾರುವ ಜಾಗವೂ ಹೆಚ್ಚು.

ಹಾಗಾದರೆ ನಾವು ಯಾಕೆ ದೊಡ್ಡ ಸೈಜಿಗೆ ಹೋಗ್ತೀವಿ? ಮುಂಭಾಗ ಬಿಗಿಯಾಗುತ್ತೆ ಅಂತ. ಅದು ಸುಳ್ಳಲ್ಲ. ದಕ್ಷಿಣ ಭಾರತದ ಬರಿಗಾಲಿನವರ ಪಾದಗಳನ್ನು ಪಾಶ್ಚಾತ್ಯರ ಪಾದಗಳ ಜೊತೆ ಹೋಲಿಸಿ ಬೆಲ್ಜಿಯಂನ ಸಂಶೋಧಕರ ತಂಡ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಮ್ಮವರ ಪಾದ ಅಗಲ, ಅವರದು ಸಪೂರ ಅಂತ ಕಂಡುಬಂತು. ಚಪ್ಪಲಿಯಲ್ಲೋ ಬರಿಗಾಲಲ್ಲೋ ಬೆಳೆದವರ ಬೆರಳು ಬೀಸಣಿಗೆಯಂತೆ ಬಿಚ್ಚಿಕೊಂಡಿರುತ್ತೆ, ಹಿಮ್ಮಡಿ ಮಾತ್ರ ಸಣ್ಣದಾಗಿಯೇ ಇರುತ್ತೆ. ಮುಂದೆ ಅಗಲ, ಹಿಂದೆ ಸಪೂರ: ಹೊಂದುವ ಶೂ ಹುಡುಕಲು ಅತಿ ಕಷ್ಟದ ಪಾದ ಇದು. ಅರ್ಧ ಸೈಜ್ ಹೆಚ್ಚಿಸಿದರೆ ಉದ್ದ 4 ಮಿ.ಮೀ. ಹೆಚ್ಚುತ್ತೆ, ಅಗಲ ಹೆಚ್ಚುವುದು 1 ಮಿ.ಮೀ. ಆಸುಪಾಸು. ಅಗಲಕ್ಕಾಗಿ ಉದ್ದ ಕೊಂಡರೆ ನಷ್ಟ ನಮಗೇ.

ಅಳತೆ ಸಂಜೆ ತಗೊಳ್ಳಿ. ದಿನವಿಡೀ ಓಡಾಡಿ ಸ್ವಲ್ಪ ಊದಿರುವ ಪಾದವೇ ಮೂರು ಗಂಟೆ ಓಡಿದ ಪಾದಕ್ಕೆ ಹತ್ತಿರ. ಓಡುವಾಗ ಹಾಕುವ ಸಾಕ್ಸನ್ನೇ ಹಾಕಿ, ಹಿಮ್ಮಡಿಯನ್ನು ಗೋಡೆಗೆ ತಾಗಿಸಿ, ಹಾಳೆಯ ಮೇಲೆ ಪೂರ್ತಿ ಭಾರ ಬಿಟ್ಟು ನಿಲ್ಲಿ. ಗುರುತನ್ನು ಬೇರೆಯವರ ಕೈಯಲ್ಲಿ ಹಾಕಿಸಿ. ನೀವೇ ಬಗ್ಗಿದರೆ ಭಾರ ಸರಿದು 3-4 ಮಿ.ಮೀ. ತಪ್ಪುತ್ತೆ. ಬೇಕಾದ ಅಳತೆ ಮೂರು. ಗೋಡೆಯಿಂದ ಎಲ್ಲಕ್ಕಿಂತ ಉದ್ದದ ಬೆರಳಿನ ತುದಿಗೆ (ಅದು ಎರಡನೇ ಬೆರಳೂ ಆಗಿರಬಹುದು), ಗೋಡೆಯಿಂದ ಹೆಬ್ಬೆರಳಿನ ಬುಡದ ಗೆಣ್ಣಿಗೆ, ಮತ್ತು ಆ ಗೆಣ್ಣಿನಿಂದ ಕಿರುಬೆರಳಿನ ಬುಡದ ಗೆಣ್ಣಿಗೆ ಅಡ್ಡ ಅಗಲ. ಎರಡೂ ಪಾದ ಅಳೆಯಿರಿ, ದೊಡ್ಡದಕ್ಕೆ ಶೂ ಕೊಳ್ಳಿ.

ಎರಡನೇ ಅಳತೆಯನ್ನು ಯಾರೂ ತಗೊಳ್ಳಲ್ಲ, ಆದರೆ ಅದೇ ಮುಖ್ಯ. ಶೂ ಮಡಿಯುವ ಜಾಗವೂ ನಿಮ್ಮ ಹೆಬ್ಬೆರಳ ಗೆಣ್ಣೂ ಒಂದೇ ಕಡೆ ಬರಬೇಕು. ಬೆರಳು ಗಿಡ್ಡ, ಪಾದ ಉದ್ದ ಇರುವವರಿಗೆ ಗೆಣ್ಣು ಶೂನ ಅಗಲವಾದ ಭಾಗವನ್ನು ದಾಟಿ ಮುಂದೆ ಹೋಗಿರುತ್ತೆ. ಆಗ ಒಟ್ಟು ಉದ್ದ ಸರಿಯಿದ್ದರೂ ಕಿರುಬೆರಳು ಒತ್ತುತ್ತೆ.

ಅಂಗಡಿಯಲ್ಲಿ ಇನ್‌ಸೋಲ್ (ಪಾದದ ಕೆಳಗೆ ಶೂ ಒಳಗಿರುವ ಮೆತ್ತೆ) ಹೊರಗೆ ತೆಗೆದು ಅದರ ಮೇಲೆ ನಿಲ್ಲಿ. ಬೆರಳಿನ ಮುಂದೆ 10ರಿಂದ 15 ಮಿ.ಮೀ. ಖಾಲಿ ಇರಬೇಕು, ಅಂದರೆ 260 ಮಿ.ಮೀ. ಪಾದಕ್ಕೆ 270-275ರ ಇನ್‌ಸೋಲ್. ಪಾದದ ಅಂಚು ಎರಡೂ ಬದಿಯಲ್ಲಿ ಇನ್‌ಸೋಲಿನಿಂದ ಹೊರಚೆಲ್ಲಿದರೆ ಆ ಮಾಡೆಲ್ ಬಿಟ್ಟುಬಿಡಿ. ಬಟ್ಟೆ ಹಿಗ್ಗುತ್ತೆ ಅಂತ ಅಂಗಡಿಯವರು ಹೇಳಬಹುದು. ಮೇಲಿನ ಜಾಲರಿ ಸ್ವಲ್ಪ ಹಿಗ್ಗೀತು, ಕೆಳಗಿನ ಸೋಲ್ ಹಿಗ್ಗಲ್ಲ. ಸೈಜಿನ ನಂಬರನ್ನೂ ನಂಬಬೇಡಿ: ಯುಕೆ 8 ಅಂದರೆ ಸಾಲೊಮನ್‌ನಲ್ಲಿ 26.5 ಸೆಂ.ಮೀ., ನೈಕಿಯಲ್ಲಿ 27. ಶೂ ನಾಲಿಗೆಯ ಒಳಗಿನ ಲೇಬಲ್‌ನಲ್ಲಿ ಸೆಂಟಿಮೀಟರ್ ಬರೆದಿರುತ್ತೆ, ಅದನ್ನು ಓದಿ. ಅಮೆರಿಕದ ಅಗಲದ ಲೆಕ್ಕದಲ್ಲಿ ಪುರುಷರ ಮಾಮೂಲಿ ಅಗಲ ಡಿ, ಅಗಲದ್ದು 2ಇ. ಮಹಿಳೆಯರಿಗೆ ಮಾಮೂಲಿ ಬಿ, ಅಗಲದ್ದು ಡಿ. ಹಾಗಾಗಿ ಅಗಲ ಪಾದದ ಮಹಿಳೆಯರು ಸೆಂಟಿಮೀಟರ್ ಹೊಂದಿಸಿಕೊಂಡು ಪುರುಷರ ಮಾಡೆಲ್ ಹಾಕಿ ನೋಡಬಹುದು. ಹಿಮ್ಮಡಿ ಸಡಿಲವೇ ಅಂತ ಮಾತ್ರ ಎರಡು ಸಲ ಪರೀಕ್ಷಿಸಿ.

ಹಳೆಯ ಶೂ ಮನೆಯಲ್ಲಿದ್ದರೆ ಎಸೆಯುವ ಮೊದಲು ಅದರ ಸವೆತವನ್ನು ಓದಿ. ಹಿಮ್ಮಡಿಯ ಒಳಬಟ್ಟೆ ಹರಿದು ಸ್ಪಂಜು ಕಾಣುತ್ತಿದ್ದರೆ ಹಿಮ್ಮಡಿ ಮೇಲೆ-ಕೆಳಗೆ ಉಜ್ಜುತ್ತಿತ್ತು. ಕಿರುಬೆರಳ ಜಾಗದಲ್ಲಿ ಜಾಲರಿ ತೂತಾಗಿದ್ದರೆ ಮುಂಭಾಗ ಸಾಲದು. ಇನ್‌ಸೋಲಿನ ಮೇಲೆ ಬೆರಳುಗಳ ಅಚ್ಚು ಬಿದ್ದಿರುತ್ತಲ್ಲ, ಹೆಬ್ಬೆರಳಿನ ಗುಳಿ ಒಂದೇ ಕಡೆ ಆಳವಾಗಿದ್ದರೆ ಪಾದ ನಿಂತಲ್ಲಿ ನಿಂತಿತ್ತು. ಗುಳಿ ಉದ್ದಕ್ಕೆ ಎಳೆದಂತಿದ್ದರೆ ಪಾದ ಜಾರುತ್ತಿತ್ತು.

ಈಗ ಯಾವ ಪಾದಕ್ಕೆ ಯಾವ ಶೂ. ಮುಂದೆ ಅಗಲ ಇದ್ದವರಿಗೆ ಆಲ್ಟ್ರಾ ಮತ್ತು ಟೋಪೋ ಕಂಪನಿಗಳ ಶೂ ಸುಲಭದ ದಾರಿ. ಎರಡೂ ಬೆರಳಿನ ಭಾಗವನ್ನು ಪಾದದ ಆಕಾರಕ್ಕೇ ಬಿಡುತ್ತವೆ. ಹಿಮ್ಮಡಿಯೂ ಸಪೂರವಾಗಿದ್ದರೆ ನನ್ನ ಆಯ್ಕೆ ಟೋಪೋ, ಏಕೆಂದರೆ ನಡುಭಾಗ ಮತ್ತು ಹಿಂಭಾಗದಲ್ಲಿ ಅದರ ಹಿಡಿತ ಹೆಚ್ಚು. ಆಲ್ಟ್ರಾದ ಲೋನ್ ಪೀಕ್ ಮಾಡೆಲ್‌ನ ಡ್ರಾಪ್ ಸೊನ್ನೆ, ಅಂದರೆ ಹಿಮ್ಮಡಿಯೂ ಬೆರಳೂ ನೆಲದಿಂದ ಒಂದೇ ಎತ್ತರ. 10 ಮಿ.ಮೀ. ಡ್ರಾಪಿನ ಸಾಲೊಮನ್ ಸ್ಪೀಡ್‌ಕ್ರಾಸ್‌ನಿಂದ ನೇರ ಅದಕ್ಕೆ ಜಿಗಿದರೆ ಮೀನಖಂಡ ಮತ್ತು ಹಿಮ್ಮಡಿಯ ನರ ಹಿಡಿದುಕೊಳ್ಳುತ್ತೆ, ಹತ್ತುವಾಗಂತೂ ಇನ್ನೂ. ನಡುವೆ 4-5 ಮಿ.ಮೀ. ಡ್ರಾಪಿನ ಶೂನಲ್ಲಿ ಕೆಲವು ವಾರ ಓಡಿ. ಸೊನ್ನೆ ಡ್ರಾಪನ್ನು ಮೊದಲು ವಾರಕ್ಕೆ ಎರಡು ಸಲ, 15-20 ನಿಮಿಷದ ಓಟಕ್ಕಷ್ಟೇ ಹಾಕಿ. ಸಪೂರ ಪಾದದವರಿಗೆ ಲಾ ಸ್ಪೋರ್ಟಿವಾದಂಥ ಬೆಟ್ಟದ ಕಂಪನಿಗಳ ಶೂ ಕೈಗವಸಿನಂತೆ ಕೂರುತ್ತೆ. ಅದೇ ಶೂ ಅಗಲ ಪಾದಕ್ಕೆ ಶಿಕ್ಷೆ.

ಚಪ್ಪಟೆ ಪಾದದ ಬಗ್ಗೆ ಅನಗತ್ಯ ಭಯ ಇದೆ. ತುದಿಗಾಲಲ್ಲಿ ನಿಂತು ಕನ್ನಡಿಯಲ್ಲಿ ನೋಡಿ: ಆಗ ಕಮಾನು ಮೂಡಿದರೆ ಪಾದ ಬಳುಕುವಂಥದ್ದು, ನೋವಿಲ್ಲದಿದ್ದರೆ ಚಿಂತೆ ಬೇಡ. ಮೂಡದೇ ಗಟ್ಟಿಯಾಗಿದ್ದರೆ ಅಥವಾ ನೋವಿದ್ದರೆ ಶೂ ಅಂಗಡಿಗಿಂತ ಮೊದಲು ಮೂಳೆ ವೈದ್ಯರ ಬಳಿ ಹೋಗಿ. ನಮ್ಮ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ರಾವ್ ಮತ್ತು ಜೋಸೆಫ್ 2,300 ಮಕ್ಕಳ ಹೆಜ್ಜೆ ಅಚ್ಚು ಪರಿಶೀಲಿಸಿ 1992ರಲ್ಲಿ ಬರೆದಂತೆ, ಪಾದರಕ್ಷೆ ಹಾಕುವ ಮಕ್ಕಳಲ್ಲಿ ಚಪ್ಪಟೆ ಪಾದ ಶೇ. 8.6, ಹಾಕದವರಲ್ಲಿ ಶೇ. 2.8. ಕಮಾನಿನ ಕೆಳಗೆ ಗಟ್ಟಿ ಉಬ್ಬು ಇಟ್ಟರೆ ಪಾದ ಸರಿಹೋಗುತ್ತೆ ಅನ್ನುವ ನಂಬಿಕೆ ನನಗಿಲ್ಲ. ಕಾಡುದಾರಿಯಲ್ಲಿ ಒಂದು ಹೆಜ್ಜೆ ಬೇರಿನ ಮೇಲೆ, ಇನ್ನೊಂದು ಕಲ್ಲಿನ ಓರೆಯ ಮೇಲೆ ಬೀಳುತ್ತೆ, ಪಾದ ಒಂದೇ ಕಡೆಗೆ ವಾಲುವುದಿಲ್ಲ. ಅಲ್ಲಿ ಆಧಾರ ಕೊಡುವುದು ಅಗಲವಾದ ಸೋಲ್, ಬೆರಳಿನಿಂದ ಒತ್ತಿದರೆ ಕುಸಿಯದ ಹೀಲ್ ಕೌಂಟರ್ (ಹಿಮ್ಮಡಿಯನ್ನು ಹಿಂದಿನಿಂದ ಸುತ್ತುವ ಗಟ್ಟಿ ಭಾಗ), ಮತ್ತು ಎರಡು ತುದಿ ಹಿಡಿದು ಬಟ್ಟೆಯಂತೆ ಹಿಂಡಿದಾಗ ನಡುವೆ ಸುಲಭಕ್ಕೆ ತಿರುಚಿಕೊಳ್ಳದ ಶೂ. ಚಪ್ಪಟೆ ಪಾದದವರು ನೇರ ಆಕಾರದ ಸೋಲ್ ಹುಡುಕಿ. ಒಳಬದಿ ತುಂಬಾ ಕೊರೆದಿರುವ ಸೋಲಿನ ಮೇಲೆ ಅವರ ಪಾದದ ನಡುಭಾಗ ಅಂಚು ದಾಟಿ ಇಳಿಯುತ್ತೆ.

ಬೇರೆ ಇನ್‌ಸೋಲ್ ಹಾಕುವುದಾದರೆ ಮೂಲದ್ದನ್ನು ತೆಗೆದೇ ಹಾಕಿ. ಎರಡನ್ನೂ ಒಂದರ ಮೇಲೊಂದು ಇಟ್ಟರೆ ಹಿಮ್ಮಡಿ ಕೆಲವು ಮಿ.ಮೀ. ಮೇಲೇರಿ ಕೌಂಟರಿನ ಹಿಡಿತದಿಂದ ಹೊರಬರುತ್ತೆ, ಕಾಲು ಉಳುಕುವುದು ಹಾಗೆ.

ಕಮಾನು ಎತ್ತರ ಇರುವವರಿಗೆ ತೊಂದರೆ ಮೇಲ್ಗಡೆ: ಲೇಸ್ ಒತ್ತಿ ಬೆರಳು ಜೋಮು ಹಿಡಿಯುತ್ತೆ. ಒತ್ತುವ ಜಾಗದಲ್ಲಿ ಅಡ್ಡ ಹಾಯಿಸದೆ, ಅದೇ ಬದಿಯ ಮೇಲಿನ ತೂತಿಗೆ ನೇರ ಏರಿಸಿ, ಆಮೇಲೆ ಅಡ್ಡ ಹಾಕಿ. ಒಂದೇ ಎಳೆತಕ್ಕೆ ಬಿಗಿಯುವ ತಂತಿಯಂಥ ಲೇಸಿನಲ್ಲಿ ಇದು ಆಗಲ್ಲ, ಅದಕ್ಕೇ ಇಂಥ ಪಾದಕ್ಕೆ ಮಾಮೂಲಿ ಲೇಸೇ ವಾಸಿ.

ಹಿಮ್ಮಡಿ ಏಳುತ್ತಿದ್ದರೆ ಶೂ ಬದಲಿಸುವ ಮೊದಲು ಕೊನೆಯ ತೂತು ಬಳಸಿ. ಲೇಸನ್ನು ಅದೇ ಬದಿಯ ಕೊನೆಯ ತೂತಿಗೆ ಹೊರಗಿನಿಂದ ಒಳಕ್ಕೆ ತೂರಿಸಿ ಸಣ್ಣ ಕುಣಿಕೆ ಬಿಡಿ, ಎರಡೂ ಬದಿ ಹೀಗೆ ಮಾಡಿ. ಒಂದು ಬದಿಯ ತುದಿಯನ್ನು ಇನ್ನೊಂದು ಬದಿಯ ಕುಣಿಕೆಯಲ್ಲಿ ತೂರಿಸಿ. ಹಿಮ್ಮಡಿಯನ್ನು ನೆಲಕ್ಕೆ ಊರಿ, ಬೆರಳು ಮೇಲೆತ್ತಿ, ಲೇಸನ್ನು ಕೆಳಕ್ಕೆ ಹಿಂದಕ್ಕೆ ಎಳೆದು ಗಂಟು ಹಾಕಿ. ಬೆರಳ ಹತ್ತಿರದ ಸಾಲುಗಳನ್ನು ಸಡಿಲವಾಗಿಯೇ ಬಿಡಿ. ಆಮೇಲೆ ಮೂತಿಯನ್ನು ನೆಲಕ್ಕೆ ಮೂರು ಸಲ ಗಟ್ಟಿಯಾಗಿ ಬಡಿಯಿರಿ, ಮೆಟ್ಟಿಲು ಇಳಿಯಿರಿ. ಬೆರಳು ತಾಗಿದರೆ ಲೇಸ್ ಇನ್ನೊಮ್ಮೆ ಕಟ್ಟಿ ನೋಡಿ. ಆಗಲೂ ತಾಗಿದರೆ ಆ ಶೂ ನಿಮ್ಮದಲ್ಲ.

ಮಲೆನಾಡಿನ ಮಳೆಗಾಲಕ್ಕೆ ನೀರು ತಡೆಯುವ ಪದರದ ಶೂ ಕೊಳ್ಳಬೇಡಿ. ಹಳ್ಳ ದಾಟುವಾಗ ನೀರು ಮೇಲಿನಿಂದ ಒಳಬಂದು ಅಲ್ಲೇ ನಿಲ್ಲುತ್ತೆ, ಮೆತ್ತಗಾದ ಚರ್ಮದಲ್ಲಿ ಬೇಗ ಬೊಬ್ಬೆ ಬರುತ್ತೆ. ಒದ್ದೆ ಇನ್‌ಸೋಲ್ ಇಳಿಜಾರಿನಲ್ಲಿ ಮುಂದಕ್ಕೆ ಸರಿದು ಬೆರಳ ಕೆಳಗೆ ಸುಕ್ಕಾಗುವುದೂ ಉಂಟು. ಹಾಗಾದಾಗ ಎರಡೂ ಬದಿ ಅಂಟುವ ಟೇಪಿನ ತುಂಡನ್ನು ಇನ್‌ಸೋಲಿನ ಹಿಮ್ಮಡಿ ಭಾಗದ ಕೆಳಗೆ ಹಚ್ಚಿದರೆ ಸಾಕು. ಓಟ ಮುಗಿದ ಮೇಲೆ ಇನ್‌ಸೋಲ್ ತೆಗೆದು, ಒಳಗೆ ಹಳೆ ಪೇಪರ್ ತುರುಕಿ, ನೆರಳಲ್ಲಿ ಒಣಗಿಸಿ, ಒಂದು ಗಂಟೆ ಬಿಟ್ಟು ಪೇಪರ್ ಬದಲಿಸಿ. ಒಲೆಯ ಪಕ್ಕ ಇಟ್ಟರೆ ಅಂಟು ಬಿಡುತ್ತೆ, ಶೂ ಕುಗ್ಗುತ್ತೆ, ಬೆರಳಿನ ಮುಂದೆ ಅಳೆದು ತಂದ ಆ 10-15 ಮಿ.ಮೀ. ಜಾಗವೂ ಕಡಿಮೆಯಾಗುತ್ತೆ.