ಜಂತಿಗೂ ಒಂದು ಸೂಜಿ ಯಾಕಿಲ್ಲ?

ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಕೆಲಸ ಮಾಡುವ ಪಶುವೈದ್ಯ ನಾನು. ಕುರಿ, ಆಡುಗಳಿಗೆ ಬರುವ ಪಿಪಿಆರ್ ಎಂಬ ವೈರಸ್ ರೋಗಕ್ಕೆ ಲಸಿಕೆ ಹಾಕಲು ಊರಿಗೆ ಹೋದಾಗಲೆಲ್ಲ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. "ಕಾಲುಬಾಯಿ ಜ್ವರಕ್ಕೆ ಸೂಜಿ ಅದೆ, ಇದಕ್ಕೂ ಅದೆ. ಜಂತಿಗೂ ಒಂದ್ ಸೂಜಿ ಹಾಕ್ಬುಡಿ ಸಾ, ನೆಮ್ದಿಯಾಗಿರ್ತೀವಿ."

ನ್ಯಾಯವಾದ ಪ್ರಶ್ನೆ. ಪಿಪಿಆರ್‌ಗೆ ಒಂದು ಸಲ ಹಾಕಿದರೆ ಮೂರು ವರ್ಷ ಆ ರೋಗದ ಚಿಂತೆಯಿಲ್ಲ. ಜಂತಿನ ಔಷಧಿ ಮಾತ್ರ ಕುಡಿಸಿದಷ್ಟೂ ಮುಗಿಯುವುದಿಲ್ಲ. ಯಾಕೆ ಅಂತ ಕೊಟ್ಟಿಗೆ ಬಾಗಿಲಲ್ಲಿ ನಿಂತು ಹೇಳಿ ಮುಗಿಸೋಕೆ ಆಗಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಂತೆ ನಾನು ಔಷಧಿ ಕೊಡುವ ರೀತಿಯೇ ಬದಲಾಯಿತು.

ಮೊದಲು ಹುಳುವಿನ ವಿಷಯ. ನಮ್ಮ ಕಡೆ ಕುರಿ, ಆಡುಗಳನ್ನು ಹೈರಾಣು ಮಾಡುವುದು ಹೀಮಾಂಕಸ್ ಕಾಂಟಾರ್ಟಸ್ ಅನ್ನುವ ಹುಳು. ಕುರಿಗೆ ನಾಲ್ಕು ಹೊಟ್ಟೆ ಅಲ್ವಾ, ಅದರಲ್ಲಿ ಕೊನೆಯದರಲ್ಲಿ ಇದರ ವಾಸ. ಸತ್ತ ಕುರಿಯನ್ನು ಕೊಯ್ದು ಆ ಹೊಟ್ಟೆಯನ್ನು ಬಿಡಿಸಿದರೆ ಒಳಗಿನ ನೀರು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಆ ನೀರನ್ನು ಚೆಲ್ಲಿ ಗೋಡೆಯನ್ನು ಹತ್ತಿರದಿಂದ ನೋಡಿ. ಎರಡು-ಮೂರು ಸೆಂಟಿಮೀಟರ್ ಉದ್ದದ, ದಾರದಷ್ಟು ತೆಳ್ಳಗಿನ ಹುಳುಗಳು ಲೋಳೆಯ ಮೇಲೆ ಮಿಸುಕಾಡುತ್ತಿರುತ್ತವೆ. ಹೆಣ್ಣು ಹುಳುವಿನ ಮೈಯಲ್ಲಿ ಕೆಂಪು ಬಿಳಿ ಪಟ್ಟೆ. ಕೆಂಪು ಅಂದರೆ ಅದು ಕುಡಿದ ರಕ್ತ ತುಂಬಿದ ಕರುಳು. ಬಿಳಿ ಅಂದರೆ ಆ ಕರುಳಿಗೆ ಸುತ್ತಿಕೊಂಡ ಅಂಡಾಶಯ. ಹುಳು ಕಚ್ಚಿದ ಜಾಗದಲ್ಲೆಲ್ಲ ಸಣ್ಣ ಸಣ್ಣ ಕೆಂಪು ಚುಕ್ಕಿ. ಕುರಿಯ ಒಡೆಯರಿಗೆ ಇದನ್ನು ಒಮ್ಮೆ ತೋರಿಸಿದರೆ ಸಾಕು, ಆಮೇಲೆ ಜಂತು ಅಂದರೆ ಸುಮ್ನೆ ಮಾತಿಗೆ ಹೇಳ್ತಾರೆ ಅಂದುಕೊಳ್ಳುವುದಿಲ್ಲ.

ಒಂದು ಹುಳು ದಿನಕ್ಕೆ ಸುಮಾರು 0.05 ಮಿಲಿ ರಕ್ತ ಕಳೆಯುತ್ತದೆ. ಕಮ್ಮಿ ಅನ್ನಿಸಬಹುದು. ಸಾವಿರ ಹುಳು ಇದ್ದರೆ 50 ಮಿಲಿ ಆಯಿತು. 25 ಕೆಜಿ ತೂಕದ ಕುರಿಯಲ್ಲಿ ಇರುವ ರಕ್ತವೇ ಒಂದೂವರೆ ಲೀಟರ್ ಆಸುಪಾಸು. ಇನ್ನು ಒಂದು ಹೆಣ್ಣು ಹುಳು ದಿನಕ್ಕೆ 5,000ದಿಂದ 10,000 ಮೊಟ್ಟೆ ಇಡುತ್ತದೆ. ಹಿಕ್ಕೆಯ ಜೊತೆ ಹೊರಗೆ ಬಿದ್ದ ಮೊಟ್ಟೆ, ತೇವ ಮತ್ತು ಬೆಚ್ಚಗಿನ ಹವೆ ಸಿಕ್ಕರೆ ವಾರದೊಳಗೆ ಮರಿಯಾಗಿ ಹುಲ್ಲಿನ ತುದಿಗೆ ಹತ್ತಿ ಕಾಯುತ್ತಿರುತ್ತದೆ. ನಾಲೆಯಲ್ಲಿ ನೀರು ಬಿಟ್ಟಿರುವ ತಿಂಗಳುಗಳಲ್ಲಿ ಗದ್ದೆ ಬದುವಿನ ಹುಲ್ಲಿಗೆ ತೇವಕ್ಕೇನು ಬರ.

ಈಗ ಸೂಜಿಯ ಪ್ರಶ್ನೆ. ವೈರಸ್ ಮೈಯೊಳಗೆ ಹೊಕ್ಕರೆ ಬಿಳಿ ರಕ್ತಕಣಗಳು ಅದನ್ನು ನುಂಗಿ ಹಾಕಬಲ್ಲವು. ಇಷ್ಟುದ್ದದ ಹುಳುವನ್ನು ಯಾವ ಕಣವೂ ನುಂಗಲಾರದು. ಹಾಗಾಗಿ ಕುರಿಯ ಮೈ ಬೇರೆ ದಾರಿ ಹಿಡಿದಿದೆ. ಹೊಟ್ಟೆ, ಕರುಳಿನ ಗೋಡೆಯಲ್ಲಿ ಲೋಳೆ ಜಾಸ್ತಿ ಸುರಿಸುತ್ತದೆ. ಐಜಿಇ ಅನ್ನುವ ಪ್ರತಿಕಾಯ, ಅಂದರೆ ಶತ್ರುವನ್ನು ಗುರುತಿಸಿ ಅಂಟಿಕೊಳ್ಳುವ ಪ್ರೋಟೀನ್, ತಯಾರಿಸುತ್ತದೆ. ಮಾಸ್ಟ್, ಇಯೋಸಿನೋಫಿಲ್ ಅನ್ನುವ ರಕ್ಷಣಾ ಕಣಗಳನ್ನು ಅಲ್ಲಿಗೆ ಕರೆಸಿ ಹುಳುವಿನ ಮೇಲೆ ಸುಡುವ ರಾಸಾಯನಿಕ ಚೆಲ್ಲಿಸುತ್ತದೆ. ನಮಗೆ ಅಲರ್ಜಿ ಆದಾಗ ಮೂಗು ಸುರಿಯುತ್ತದಲ್ಲ, ಆಗ ಕೆಲಸ ಮಾಡುವುದೂ ಬಹುಮಟ್ಟಿಗೆ ಇದೇ ಕಣಗಳು.

ಇದು ಚೆನ್ನಾಗಿ ನಡೆದಾಗ ಫಲವೂ ಕಾಣುತ್ತದೆ. ಹೊಟ್ಟೆಯಲ್ಲಿ ಹಳೇ ಹುಳುಗಳಿರುವ ಕುರಿ ಮಳೆ ಬಿದ್ದ ಮೇಲೆ ಹೊಸ ಹುಲ್ಲಿನ ಜೊತೆ ಒಂದೇ ಸಲ ಬೇಕಾದಷ್ಟು ಮರಿಹುಳು ನುಂಗಿದರೆ, ಹೊಟ್ಟೆ ಸಿಡಿದೆದ್ದು ಹಳೆಯದನ್ನೆಲ್ಲ ಹೊರಗೆ ತಳ್ಳಿಬಿಡುವುದುಂಟು. ಹೀಗಾಗುವುದನ್ನು ಸ್ಟೋಲ್ ಎಂಬ ವಿಜ್ಞಾನಿ 1929ರಲ್ಲೇ ವಿವರಿಸಿದ್ದರು. "ಔಸ್ತಿ ಹಾಕ್ದೇನೇ ಮಳೆ ಆದ್ಮೇಲೆ ಸರಿಹೋಯ್ತು" ಅಂತ ಕುರಿ ಕಾಯುವವರು ಹೇಳಿದರೆ ನಾನು ಅಲ್ಲಗಳೆಯುವುದಿಲ್ಲ.

ಆದರೆ ಹುಳು ಸುಮ್ಮನೆ ಕೂತಿರುತ್ತದಾ? ಕರುಳಿನ ಹುಳುಗಳು ಇಡೀ ದಿನ ಏನೇನೋ ರಸ ಸ್ರವಿಸುತ್ತಾ ಇರುತ್ತವೆ. ಎಲ್ಲ ಕುತಂತ್ರ ಇರುವುದು ಆ ರಸದಲ್ಲೇ. ಇದರ ಅತಿ ಸ್ಪಷ್ಟ ಲೆಕ್ಕ ಸಿಕ್ಕಿರುವುದು ಇಲಿಯ ಕರುಳಲ್ಲಿ ಬದುಕುವ, ನಮ್ಮ ಹೀಮಾಂಕಸ್‌ಗೆ ದೂರದ ನೆಂಟನಾದ ಒಂದು ಹುಳುವಿನಲ್ಲಿ. ನಮ್ಮ ಮೈಯಲ್ಲೂ ಕುರಿಯ ಮೈಯಲ್ಲೂ ಟಿಜಿಎಫ್-ಬೀಟಾ ಅನ್ನುವ ಒಂದು ಸಂದೇಶದ ಪ್ರೋಟೀನ್ ಇದೆ. "ಸಾಕು, ಇನ್ನು ತಣ್ಣಗಾಗಿ" ಅಂತ ರಕ್ಷಣಾ ಕಣಗಳಿಗೆ ಹೇಳುವುದು ಅದರ ಕೆಲಸಗಳಲ್ಲೊಂದು. ಇಲಿಯ ಆ ಹುಳು ಇದೇ ಸಂದೇಶ ಕೊಡುವ ತನ್ನದೇ ಪ್ರೋಟೀನನ್ನು ಸುರಿಸುತ್ತದೆ ಅಂತ 2017ರಲ್ಲಿ ಗ್ಲಾಸ್ಗೋದ ರಿಕ್ ಮೈಝೆಲ್ಸ್ ಅವರ ತಂಡ ತೋರಿಸಿತು. ಸೋಜಿಗ ಏನಂದರೆ ಎರಡೂ ಪ್ರೋಟೀನಿನ ಆಕಾರದಲ್ಲಿ ಹೋಲಿಕೆಯೇ ಇಲ್ಲ. ಬೇರೆ ಕಮ್ಮಾರ ಬೇರೆ ಥರ ಬಡಿದ ಕೀಲಿ, ಬೀಗ ಮಾತ್ರ ಅದೇ, ತೆರೆಯುತ್ತದೆ. ಅದೇ ವರ್ಷ ಇದೇ ಹುಳುವಿನ ಇನ್ನೊಂದು ಪ್ರೋಟೀನೂ ಪತ್ತೆಯಾಯಿತು. ಕರುಳಿನ ಗೋಡೆಯ ಜೀವಕೋಶ ಒಡೆದು ಸತ್ತಾಗ ಐಎಲ್-33 ಅನ್ನುವ ಅಪಾಯದ ಸುದ್ದಿ ಹೊರಗೆ ಹೊರಡಬೇಕು. ಹುಳುವಿನ ಪ್ರೋಟೀನು ಆ ಸುದ್ದಿಯನ್ನು ಸತ್ತ ಕೋಶದ ಡಿಎನ್‌ಎಗೇ ಕಟ್ಟಿಹಾಕುತ್ತದೆ. ಸುದ್ದಿ ಹೊರಡುವುದೇ ಇಲ್ಲ.

ಹೀಮಾಂಕಸ್‌ಗೆ ಇನ್ನೂ ಒಂದು ಅನುಕೂಲ ಇದೆ, ಕಾಯುವ ತಾಳ್ಮೆ. ಹೊರಗಿನ ಹವೆ ಮೊಟ್ಟೆ ಒಡೆಯಲು ತಕ್ಕದ್ದಲ್ಲದ ಕಾಲದಲ್ಲಿ ಮರಿಹುಳು ಹೊಟ್ಟೆಯ ಗ್ರಂಥಿಯೊಳಗೆ ಹೊಕ್ಕು ಬೆಳವಣಿಗೆ ನಿಲ್ಲಿಸಿಬಿಡುತ್ತದೆ. ರಕ್ತ ಕುಡಿಯುವುದಿಲ್ಲ, ಮೊಟ್ಟೆ ಇಡುವುದಿಲ್ಲ. ಹಿಕ್ಕೆ ಪರೀಕ್ಷೆಯಲ್ಲಿ ಸಿಗುವುದೂ ಇಲ್ಲ. ಹವೆ ಸರಿಹೋದ ಮೇಲೆ ಎದ್ದು ಬರುತ್ತದೆ.

ಹಾಗಾದರೆ ಲಸಿಕೆ ಸಾಧ್ಯವೇ ಇಲ್ಲವಾ? ಇದೆ. ಸ್ಕಾಟ್ಲೆಂಡಿನ ಮೊರೆಡನ್ ಸಂಸ್ಥೆಯವರ ಸಂಶೋಧನೆಯಿಂದ ಬಂದ ಬಾರ್ಬರ್‌ವ್ಯಾಕ್ಸ್ ಅನ್ನುವ ಲಸಿಕೆ 2014ರಲ್ಲಿ ಆಸ್ಟ್ರೇಲಿಯಾದಲ್ಲಿ ಮಾರಾಟಕ್ಕೆ ಬಂತು. ಅವರು ಹಿಡಿದ ದಾರಿ ನನಗೆ ತುಂಬಾ ಇಷ್ಟ. ಹುಳುವಿನ ಹೊರಮೈಗೆ, ಅದರ ರಸಕ್ಕೆ ಕುರಿಯ ಮೈ ಹೇಗೂ ದಿನಾ ಎದುರಾಗುತ್ತಿರುತ್ತದೆ, ಹುಳುವೂ ಅಲ್ಲಿ ಎಲ್ಲಾ ತಯಾರಿ ಮಾಡಿಕೊಂಡಿದೆ. ಆದರೆ ಹುಳುವಿನ ಕರುಳಿನ ಒಳಗೋಡೆಯನ್ನು ಕುರಿಯ ಮೈ ಯಾವತ್ತೂ ಕಂಡಿಲ್ಲ. ಆ ಒಳಗೋಡೆಯ ಪ್ರೋಟೀನನ್ನೇ ತೆಗೆದು ಕುರಿಗೆ ಚುಚ್ಚಿದರು. ಕುರಿ ಅದಕ್ಕೆ ಪ್ರತಿಕಾಯ ಮಾಡಿತು. ಹುಳು ಬಂದು ರಕ್ತ ಕುಡಿದಾಗ ಆ ಪ್ರತಿಕಾಯವೂ ಅದರ ಹೊಟ್ಟೆಗೆ ಹೋಗಿ ಅಲ್ಲಿ ಅಂಟಿಕೊಂಡು ಜೀರ್ಣ ಕೆಡಿಸುತ್ತದೆ.

ಸಮಸ್ಯೆ ಇರುವುದೂ ಅಲ್ಲೇ. ಮೈಗೆ ಕಾಣದ ಪ್ರೋಟೀನ್ ಅಂದಮೇಲೆ ನಿಜವಾದ ಹುಳು ಹೊಕ್ಕರೂ ಮೈಗೆ ಅದರ ನೆನಪು ತಾಜಾ ಆಗುವುದಿಲ್ಲ. ಹಾಗಾಗಿ ಹುಳುವಿನ ಕಾಲ ಮುಗಿಯುವವರೆಗೂ ಆರು ವಾರಕ್ಕೊಮ್ಮೆ ಮತ್ತೆ ಮತ್ತೆ ಚುಚ್ಚುತ್ತಿರಬೇಕು. ಅದನ್ನು ತಯಾರಿಸಲು ಬೇಕಾದ ಹುಳುಗಳನ್ನು ಕುರಿಯ ಹೊಟ್ಟೆಯಿಂದಲೇ ತೆಗೆಯಬೇಕು. ಸಾವಿರಾರು ಕುರಿ ಇರುವ ಆಸ್ಟ್ರೇಲಿಯಾದ ಸಾಕಣೆಗೆ ಈ ಲೆಕ್ಕ ಸರಿಹೋಗಬಹುದು. ಹತ್ತು ಬಂಡೂರು ಕುರಿ ಕಟ್ಟಿಕೊಂಡವರ ಮನೆಗೆ ಆರು ವಾರಕ್ಕೊಮ್ಮೆ ಸೂಜಿ ಹಿಡಿದು ಹೋಗುವುದು ನನ್ನಿಂದಂತೂ ಆಗದ ಮಾತು.

ಸರಿ, ಇಷ್ಟೆಲ್ಲ ಓದಿದ್ದರಿಂದ ಕೆಲಸದಲ್ಲಿ ಬದಲಾಗಿದ್ದೇನು? ಕುರಿ ಮತ್ತು ಹುಳು ನಡುವೆ ಇರುವುದು ಒಂದು ಥರದ ರಾಜಿ. ಬಲವಾದ ಕುರಿ ಹುಳುವನ್ನು ಪೂರ್ತಿ ತೆಗೆಯದಿದ್ದರೂ ಅದರ ಬೆಳವಣಿಗೆ ಕುಗ್ಗಿಸುತ್ತದೆ, ಮೊಟ್ಟೆ ಕಮ್ಮಿ ಮಾಡಿಸುತ್ತದೆ, ತಾನು ಮಾತ್ರ ಮೈ ತುಂಬಿಕೊಂಡೇ ಇರುತ್ತದೆ. ಮಂದೆಯಲ್ಲಿ ಹುಳು ಸಮನಾಗಿ ಹಂಚಿಕೊಂಡಿರುವುದೂ ಇಲ್ಲ. ಬಹುಪಾಲು ಹುಳು ಕೆಲವೇ ಕುರಿಗಳ ಹೊಟ್ಟೆಯಲ್ಲಿ ತುಂಬಿರುತ್ತದೆ. ಹಾಗಾಗಿ ಈಗ ನಾನು ಕೇಳಿಕೊಳ್ಳುವುದು ಹುಳು ಇದೆಯಾ ಅಂತಲ್ಲ, ಯಾವ ಕುರಿ ಈ ರಾಜಿಯಲ್ಲಿ ಸೋಲುತ್ತಿದೆ ಅಂತ.

ಅದನ್ನು ತಿಳಿಯಲು ಕಣ್ಣಿನ ಕೆಳರೆಪ್ಪೆ ಸಾಕು. ಹೆಬ್ಬೆರಳಿಂದ ಮೇಲಿನ ರೆಪ್ಪೆಯನ್ನು ಮೆತ್ತಗೆ ಒತ್ತಿ, ಕೆಳಗಿನದನ್ನು ಕೆಳಕ್ಕೆ ಎಳೆಯಿರಿ. ಒಳಗಿನ ಹಾಸು ಕೆಂಪಗಿದ್ದರೆ ಚಿಂತೆಯಿಲ್ಲ. ಬಿಳುಚಿಕೊಂಡಿದ್ದರೆ ರಕ್ತ ಹೋಗುತ್ತಿದೆ. ಬಿಸಿಲಲ್ಲೇ ನೋಡಬೇಕು, ಕೊಟ್ಟಿಗೆಯ ಕತ್ತಲಲ್ಲಿ ಎಲ್ಲಾ ಕಣ್ಣೂ ಒಂದೇ ಥರ ಕಾಣುತ್ತವೆ. ದಕ್ಷಿಣ ಆಫ್ರಿಕಾದಲ್ಲಿ ತಯಾರಾದ ಫಮಾಚಾ ಅನ್ನುವ ಬಣ್ಣದ ಪಟ್ಟಿಯಲ್ಲಿ 1ರಿಂದ 5ರವರೆಗೆ ಐದು ಮೆಟ್ಟಿಲಿವೆ. 4, 5 ಬಂದರೆ ಔಷಧಿ ಬೇಕೇ ಬೇಕು. 3 ಬಂದರೆ ಮರಿಯಾ, ಗಬ್ಬವಾ, ಸೊರಗಿದೆಯಾ ನೋಡಿ ತೀರ್ಮಾನ. ಗದ್ದದ ಕೆಳಗೆ ನೀರು ತುಂಬಿ ಜೋತುಬಿದ್ದಿದ್ದರೆ ಪಟ್ಟಿ ನೋಡುವ ಅಗತ್ಯವೇ ಇಲ್ಲ. ರಕ್ತ ಕುಡಿಯುವ ಹುಳುವಿಗೆ ಮಾತ್ರ ಈ ಪರೀಕ್ಷೆ ಅನ್ನುವುದು ನೆನಪಿರಲಿ.

ಒಂದು ಮನೆಯಲ್ಲಿ ಹೀಗೆ ನೋಡಿ ಕೆಲವಕ್ಕೆ ಮಾತ್ರ ಕುಡಿಸಿ, ಉಳಿದವಕ್ಕೆ ಬೇಡ ಅಂದೆ. ಆ ಮನೆಯ ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನಿಂತುಬಿಟ್ಟರು. "ಹುಳ ಅದೆ ಅಂತೀಯ, ಔಸ್ತಿ ಬ್ಯಾಡ ಅಂತೀಯ. ಇದ್ಯಾವ ಡಾಕ್ಟ್ರಿಕೆ ಕಣಪ್ಪಾ?"

"ಔಸ್ತಿಗೆ ಸಾಯ್ದಿರೋ ಹುಳಾನೇ ಮನೆ ತುಂಬ ಸಾಕ್ಬೇಕಾ ಅವ್ವ?" ಅಂದೆ.

ಅಜ್ಜಿಗೆ ಬಿಡಿಸಿ ಹೇಳಿದ್ದು ಇದು. ಎಲ್ಲಕ್ಕೂ ಔಷಧಿ ಕುಡಿಸಿದರೆ ಆ ಔಷಧಿಗೆ ಜಗ್ಗದ ಹುಳು ಮಾತ್ರ ಉಳಿಯುತ್ತದೆ. ಮುಂದೆ ಹೊಲದಲ್ಲೆಲ್ಲ ಅದರ ಸಂತಾನವೇ. ಗಟ್ಟಿ ಕುರಿಗಳ ಹೊಟ್ಟೆಯಲ್ಲಿ ಔಷಧಿಗೆ ಸಾಯುವ ಸಾದಾ ಹುಳು ಸ್ವಲ್ಪ ಉಳಿದಿದ್ದರೆ, ಜಗ್ಗದ ಹುಳುವಿನ ಸಂತಾನ ಅದರ ಜೊತೆ ಬೆರೆತು ತೆಳುವಾಗುತ್ತದೆ. ಇದು ಬರೀ ಹೆದರಿಕೆಯ ಮಾತಲ್ಲ. ಥಯಾಬೆಂಡಜೋಲ್ ಎಂಬ ಔಷಧಿ 1961ರಲ್ಲಿ ಬಂತು, 1964ಕ್ಕೆಲ್ಲ ಅದಕ್ಕೆ ಸಾಯದ ಹೀಮಾಂಕಸ್ ವರದಿಯಾಯಿತು. ಆಮೇಲೆ ಬಂದ ಆಲ್ಬೆಂಡಜೋಲ್, ಲೆವಮಿಸೋಲ್, ಐವರ್‌ಮೆಕ್ಟಿನ್‌ಗೂ ಅದೇ ಗತಿ. ಮೂರು ತಿಂಗಳಿಗೊಮ್ಮೆ ಮಂದೆಗೆಲ್ಲ ಕುಡಿಸಿ ಅನ್ನುವ ನಿಯಮ ರಿಜಿಸ್ಟರ್ ತುಂಬಲು ಚೆನ್ನ, ಕುರಿಗೆ ಅಲ್ಲ. ಇದು ನನ್ನ ಅಭಿಪ್ರಾಯ, ಒಪ್ಪದ ಸಹೋದ್ಯೋಗಿಗಳೂ ಇದ್ದಾರೆ.

ರಾಜಿ ಮುರಿದುಬೀಳುವ ಕಾಲ ಯಾವುದು ಅಂತ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ಮರಿ ಹಾಕುವ ಆಸುಪಾಸಿನ ವಾರಗಳಲ್ಲಿ ತಾಯಿಕುರಿಯ ರಕ್ಷಣೆ ಕುಗ್ಗುತ್ತದೆ. ತಿಂದಿದ್ದೆಲ್ಲ ಮರಿಗೆ, ಹಾಲಿಗೆ ಹೋಗುತ್ತದೆ. ಹಿಕ್ಕೆಯಲ್ಲಿ ಮೊಟ್ಟೆ ಒಮ್ಮೆಲೇ ಏರುತ್ತದೆ. ಆಗಷ್ಟೇ ಹುಲ್ಲು ಕಡಿಯಲು ಶುರುಮಾಡಿದ ಮರಿಗಳು ಅದೇ ಜಾಗದಲ್ಲಿ ಮೇಯುತ್ತವೆ, ಅವಕ್ಕಿನ್ನೂ ಹುಳುವಿನ ವಿರುದ್ಧ ಶಕ್ತಿ ಬಂದಿರುವುದಿಲ್ಲ. ಈ ಹೊತ್ತಿಗೆ ತಾಯಿಗೆ ಪ್ರೋಟೀನ್ ಜಾಸ್ತಿ ಕೊಟ್ಟರೆ ಮೊಟ್ಟೆ ಇಳಿಯುತ್ತದೆ ಅಂತ ಪ್ರಯೋಗಗಳು ತೋರಿಸಿವೆ. ಲೋಳೆ, ಪ್ರತಿಕಾಯ ಎಲ್ಲಾ ಪ್ರೋಟೀನೇ ತಾನೇ. ನಾನು ಹೇಳುವುದು ಗಬ್ಬದ ಕೊನೆಯ ತಿಂಗಳಿಂದ ಒಂದು ಹಿಡಿ ಕಡಲೆಕಾಯಿ ಹಿಂಡಿ, ಬೇಯಿಸಿದ ಹುರುಳಿ, ಬದುವಿನ ಅಗಸೆ ಸೊಪ್ಪು. ಬೆಳಿಗ್ಗೆ ಇಬ್ಬನಿ ಆರುವವರೆಗೆ ಮೇಯಲು ಬಿಡಬೇಡಿ ಅಂತಲೂ ಹೇಳುತ್ತೇನೆ. ಅದನ್ನು ಕೇಳುವವರು ಕಮ್ಮಿ.

ಎಮ್ಮೆ ಸಾಕುವವರಿಗೆ ಬೇರೆಯೇ ಹುಳು, ಬೇರೆಯೇ ಜಾಣತನ. ಟಾಕ್ಸೊಕಾರಾ ವಿಟುಲೋರಮ್ ಅನ್ನುವ ದುಂಡು ಹುಳುವಿನ ಮರಿಗಳು ತಾಯಿಯ ಮೈಯೊಳಗೆ ಅಡಗಿ ಮಲಗಿರುತ್ತವೆ. ಕರು ಹಾಕಿದ ಮೇಲೆ ಎದ್ದು ಹಾಲಿನ ಮೂಲಕ ಕರುವಿನ ಹೊಟ್ಟೆ ಸೇರುತ್ತವೆ. ಹುಲ್ಲನ್ನೇ ಮುಟ್ಟದ ಎಳೇ ಕರುವಿಗೆ ಹುಳು ಎಲ್ಲಿಂದ ಬಂತು ಅಂದರೆ ಉತ್ತರ ಇದು. ಜೇಡಿಮಣ್ಣಿನ ಬಣ್ಣದ, ಗಬ್ಬು ನಾರುವ ಸಗಣಿ ಹಾಕುವ ಕರು ಕಂಡರೆ ಮೊದಲ ಅನುಮಾನ ಇದರದ್ದೇ. ಎರಡು-ಮೂರು ವಾರದ ಒಳಗೆ ಕರುವಿಗೆ ಔಷಧಿ ಕೊಡಿಸಿಬಿಡಿ. ಇಲ್ಲಿ ರೆಪ್ಪೆ ನೋಡುತ್ತಾ ಕೂರುವುದು ಬೇಡ.

ಕೊನೆಗೆ ಮೂರು ಸಣ್ಣ ವಿಷಯ. ಔಷಧಿಯನ್ನು ಕಣ್ಣಳತೆಯಲ್ಲಿ ಕುಡಿಸಬೇಡಿ, ತೂಕ ನೋಡಿಯೇ ಕುಡಿಸಿ. ಕಮ್ಮಿ ಪ್ರಮಾಣ ಕೊಟ್ಟರೆ ಹುಳು ಸಾಯದೆ ಪಳಗುತ್ತದೆ. ಆಡಿನ ಮೈ ಈ ಔಷಧಿಗಳನ್ನು ಕುರಿಗಿಂತ ಬೇಗ ಕರಗಿಸಿ ಹಾಕುತ್ತದೆ, ಹಾಗಾಗಿ ಕುರಿಯ ಅಳತೆ ಆಡಿಗೆ ಸಾಲದು, ನಿಮ್ಮ ಡಾಕ್ಟರನ್ನು ಕೇಳಿ. ಪರೀಕ್ಷೆಗೆ ಹಿಕ್ಕೆ ತರುವಾಗ ನೆಲದ ಮೇಲಿನದನ್ನು ಬಾಚಿ ತರಬೇಡಿ, ಬೆಳಿಗ್ಗೆ ಆಗಷ್ಟೇ ಹಾಕಿದ್ದನ್ನು ಒಂದೊಂದು ಕುರಿಯದ್ದು ಒಂದೊಂದು ಕವರಿನಲ್ಲಿ ಕಟ್ಟಿ ಗುರುತು ಹಾಕಿ ತನ್ನಿ. ನಾಲೆ ಬದಿ, ಕೆರೆ ಅಂಗಳದಲ್ಲಿ ಮೇಯುವ ಮಂದೆಯಾದರೆ ಅದನ್ನೂ ಹೇಳಿ. ಲಿವರಿನ ಚಪ್ಪಟೆ ಹುಳುವಿನ ಮೊಟ್ಟೆ ತೂಕ ಜಾಸ್ತಿ, ನಾವು ಮಾಮೂಲಿಯಾಗಿ ಬಳಸುವ ಉಪ್ಪುನೀರಿನಲ್ಲಿ ಅದು ತೇಲುವುದಿಲ್ಲ, ತಳದಲ್ಲಿ ಹುಡುಕಬೇಕಾಗುತ್ತದೆ.